ನಾನು ಬಿಚ್ಚಿದ ಹೊದಿಕೆ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೋಟೊ ಇತ್ತು. ಒಬ್ಬ ಹೆಂಗಸಿನ ಕೈ, ಆ ಕೈ ಎತ್ತಿ ಹಿಡಿದ ಒಂದು ದಪ್ಪ ಪುಸ್ತಕ, ಹಿಂದೆ ಕಿಟಕಿಯ ಬೆಳಕು. ಮುಖವಿಲ್ಲ. ಸುಮಾರು ಎರಡು ವರ್ಷ ನಾನು ಆ ಫೋಟೊವನ್ನು ಊರೂರಿಗೆ ಹೊತ್ತು ತಿರುಗಿದೆ. ಲೈಬ್ರರಿಗಳಲ್ಲಿ, ಸಹಕಾರಿ ಸಂಘಗಳಲ್ಲಿ, ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಅದನ್ನು ಗೋಡೆಯಗಲ ತೋರಿಸಿ, ಒಂದು ಫೋಟೊ ಏನೆಲ್ಲ ಮಾಡಬಲ್ಲದು ನೋಡಿ ಎಂದು ಭಾಷಣ ಬಿಗಿದೆ. ಈಗ ಅದನ್ನು ಅಳಿಸಿದ್ದೇನೆ. ಆದರೆ ನಾನು ಅಳಿಸಿದ್ದು ನನ್ನ ಹತ್ತಿರ ಇದ್ದದ್ದನ್ನು ಮಾತ್ರ. ಉಳಿದವರ ಫೋನುಗಳಲ್ಲಿ ಅದು ಇನ್ನೂ ಎಲ್ಲೆಲ್ಲಿ ಇದೆಯೋ ನನಗೆ ತಿಳಿಯದು.

ನನ್ನ ಕೆಲಸ ಏನೆಂದು ನಮ್ಮಮ್ಮನಿಗೆ ತಿಳಿಸಿ ಹೇಳಲು ನನಗೆ ಈವರೆಗೂ ಆಗಿಲ್ಲ. "ಫೋನ್ ನೋಡೋದ ಕಲ್ಸೋಕೂ ಸಂಬಳ ಕೊಡ್ತಾರೇನೆ?" ಎಂದು ಆಕೆ ಈಗಲೂ ಕೇಳುತ್ತಾಳೆ. ಒಂದು ಲೆಕ್ಕದಲ್ಲಿ ಅಷ್ಟೇ. ಹಳೆಯ ಕಾಲದ ಲೈಬ್ರರಿಗಳಿಗೆ, ಕಚೇರಿಗಳಿಗೆ, ಕಾರ್ಖಾನೆಗಳಿಗೆ ಹೋಗಿ ಫೇಸ್‌ಬುಕ್ ಪೇಜು ತೆರೆಯುವುದು, ವಾಟ್ಸಾಪ್ ಗುಂಪು ಕಟ್ಟುವುದು, ಏನು ಹಾಕಿದರೆ ಜನ ನೋಡುತ್ತಾರೆ, ಏನು ಹಾಕಿದರೆ ಬೈಯುತ್ತಾರೆ ಎಂಬುದನ್ನು ಅಲ್ಲಿಯವರಿಗೆ ಕಲಿಸಿಕೊಡುವುದು ನನ್ನ ಉದ್ಯೋಗ. ನನಗೆ ಬಾಯಿ ಜೋರು, ತಾಳ್ಮೆ ಕಡಿಮೆ. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆಯುತ್ತ ಕೂತ ಜನರನ್ನು ಕಂಡರೆ ಅವರ ಕೈಯಿಂದ ಸ್ಕೇಲು ಕಿತ್ತುಕೊಳ್ಳಬೇಕು ಅನ್ನಿಸುತ್ತಿತ್ತು. ಜಗತ್ತು ಮುಂದೆ ಹೋಗುತ್ತಿದೆ, ಇವರು ಬಾಗಿಲಲ್ಲೇ ಚಪ್ಪಲಿ ಹುಡುಕುತ್ತಿದ್ದಾರೆ ಎಂಬ ಉರಿ ನನಗೆ.

ನಾವು ಕೊಯಮತ್ತೂರಿನವರು. ಯಾವ ಕಾಲದಲ್ಲಿ ಘಟ್ಟ ಇಳಿದು ಬಂದೆವೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನ್ನ ವಾರಿಗೆಯ ಎಷ್ಟೋ ಮಂದಿಗೆ ಕನ್ನಡ ಅಕ್ಷರ ಬಾರದು. ಹಟ ಹಿಡಿದು ಮೈಸೂರಿನ ಕ್ಯಾಲೆಂಡರ್ ತರಿಸಿ ಅದರ ಮೇಲೆ ಬೆರಳಿಟ್ಟು ನನಗೆ ಅಕ್ಷರ ಕಲಿಸಿದವಳು ಅಮ್ಮ. ಅದಕ್ಕೇ ಇದನ್ನು ಬರೆಯಲು ಸಾಧ್ಯವಾಗಿದೆ. ಇನ್ನೊಂದು ಮಾತನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಮ್ಮನೊಬ್ಬಳನ್ನು ಬಿಟ್ಟರೆ ಈ ಬರಹದಲ್ಲಿ ಬರುವ ಯಾರೂ ಇದನ್ನು ಓದಲಾರರು, ಅವರಿಗೆ ಈ ಲಿಪಿ ಬರುವುದಿಲ್ಲ. ಇದನ್ನೇ ತಮಿಳಿನಲ್ಲಿ ಬರೆದು ಅಚ್ಚು ಹಾಕಿಸುವ ಎದೆಗಾರಿಕೆ ನನಗಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಕಾರಮಡೈ ದಾಟಿ ಹೋಗುವ ಯಾವುದೋ ಟೌನ್ ಬಸ್ಸು ನಿಲ್ಲುವ ಊರು ಎಂದಿಟ್ಟುಕೊಳ್ಳಿ. ಸುತ್ತ ಬಾಳೆ ತೋಟ, ನಡುವೆ ಒಂದು ಬೀದಿ, ಬೀದಿಯ ಕೊನೆಯಲ್ಲಿ ಎರಡು ಕೋಣೆಯ ಲೈಬ್ರರಿ. ಮೂರು ವರ್ಷದ ಹಿಂದೆ, ಅಂಥ ಕೆಲವು ಲೈಬ್ರರಿಗಳಿಗೆ ಪೇಜು ಮಾಡಿಕೊಡುವ ಕೆಲಸ ನನಗೆ ಸಿಕ್ಕಿತ್ತು. ಅಲ್ಲಿದ್ದ ಲೈಬ್ರರಿಯನ್ ಐವತ್ತೈದರ ಆಸುಪಾಸಿನ ಹೆಂಗಸು. ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿದ ತುರುಬು, ಕುತ್ತಿಗೆಗೆ ದಾರದಿಂದ ನೇತುಬಿಟ್ಟ ಕನ್ನಡಕ. ಮೊದಲ ದಿನ ತಮಿಳಿನಲ್ಲಿ ಬಹಳ ಮರ್ಯಾದೆಯಿಂದ "ಮೇಡಂ, ಮೇಡಂ" ಎಂದು ಕುರ್ಚಿ ಒರೆಸಿ ಕೊಟ್ಟರು. ಅಷ್ಟರಲ್ಲಿ ಅಮ್ಮನ ಫೋನು ಬಂತು. ನಾನು ಕನ್ನಡದಲ್ಲಿ ಮಾತ್ರೆ ತಗೊಂಡೆಯಾ, ಊಟ ಆಯಿತಾ ಎಂದು ವಿಚಾರಿಸಿ ಇಟ್ಟೆ. ತಿರುಗಿ ನೋಡಿದರೆ ಈ ಹೆಂಗಸಿನ ಮುಖವೇ ಬದಲಾಗಿತ್ತು.

"ನಮ್ಮೋಳಾ ನೀನು? ಮೊದ್ಲೇ ಹೇಳೋದಲ್ವಾ ಕಣ್ಣು!"

ನಮ್ಮ ಕಡೆ ಹಿರಿಯರು ತಮಗಿಂತ ಸಣ್ಣವರನ್ನು, ಅಕ್ಕರೆ ಹುಟ್ಟಿದರೆ, ಕಣ್ಣು ಎಂದು ಕರೆಯುತ್ತಾರೆ. ಆ ಗಳಿಗೆಯಿಂದ ನಾನು ಅವರಿಗೆ ಕಣ್ಣು, ಅವರು ನನಗೆ ಅಕ್ಕ. ಅವರದು ತಲೆಮಾರುಗಳಿಂದ ಅಲ್ಲೇ ಬೇಸಾಯ ಮಾಡಿಕೊಂಡಿದ್ದ ಮನೆತನ. ಅವರ ಕನ್ನಡ ನಮ್ಮ ಮನೆಯದಕ್ಕಿಂತ ಇನ್ನೂ ಹೆಚ್ಚು ತಮಿಳಿನ ರಾಗದ್ದು, ಆದರೂ ಕನ್ನಡ. ಲೈಬ್ರರಿಯಲ್ಲಿ ಜನ ಇದ್ದಾಗಲೂ ಅವರು ನನ್ನ ಜೊತೆ ಅದರಲ್ಲೇ ಮಾತಾಡುತ್ತಿದ್ದರು. ಮನೆ ಮಾತು ಆಡುವವಳ ಹತ್ತಿರ ಮನೆ ವಿಷಯ ಹೇಳಬಹುದು ಎಂದು ಅವರು ನಂಬಿದ್ದರು.

ಅವರಿಗೆ ಒಂದು ಪದ್ಧತಿ ಇತ್ತು. ಮನೆಗೆ ಹೋಗುವ ಪ್ರತಿ ಪುಸ್ತಕಕ್ಕೂ ಹಳೆಯ ಪೇಪರಿನ ಹೊದಿಕೆ ಹಾಕಿ ಕೊಡುತ್ತಿದ್ದರು. ಕತ್ತರಿ ಬೇಡ, ಅಂಟು ಬೇಡ. ಪೇಪರು ಹಾಸಿ, ಪುಸ್ತಕ ಇಟ್ಟು, ನಾಲ್ಕು ಮಡಿಕೆ ಮಡಿಚಿ ಒಳಗೆ ಸಿಕ್ಕಿಸಿದರೆ ಮುಗಿಯಿತು. ಮೂಲೆಗಳನ್ನು ಹೆಬ್ಬೆರಳಿನ ಉಗುರಿನಲ್ಲಿ ತೀಡುತ್ತಿದ್ದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಪುಸ್ತಕದ ಹೆಸರು ಹೊರಗೆ ಕಾಣುತ್ತಿರಲಿಲ್ಲ. ಕೂತು ಓದುವವರಲ್ಲಿಯೂ ಕೆಲವರಿಗೆ ಹೊದಿಕೆ ಹಾಕಿದ ಪುಸ್ತಕವನ್ನೇ ಕೊಡುತ್ತಿದ್ದರು.

"ಯಾಕಕ್ಕಾ ಈ ಅವತಾರ? ಪುಸ್ತಕಕ್ಕೆ ಮುಸುಕು ಹಾಕಿ ಕೂರಿಸಿದ್ದೀರಲ್ಲ" ಎಂದು ನಕ್ಕೆ.

ಅವರು ನಗಲಿಲ್ಲ. "ಬಸ್ಸಲ್ಲಿ ಪಕ್ಕ ಕುಂತೋರು ಪುಸ್ತಕ್ದ ಹೆಸ್ರು ನೋಡಿ ಕತೆ ಕಟ್ತಾರೆ ಕಣ್ಣು. ಒಬ್ರು ಸಕ್ಕರೆ ಕಾಯಿಲೆ ಪುಸ್ತಕ ಓದ್ತಾರೆ, ಮಗಳ ಮದ್ವೆ ಮುಗಿಯೋವರ್ಗೂ ಅದು ಆಚೆ ಗೊತ್ತಾಗ್ಬಾರ್ದು. ರಿಟೈರ್ ಆದ ಇಸ್ಕೂಲ್ ವಾದ್ಯಾರ್ ಒಬ್ರು, ಪ್ರೇಮದ ಕತೆ ಬಿಟ್ಟು ಬೇರೇನೂ ಓದಲ್ಲ. ಅವ್ರಿಗೆ ಕೋಯಿಲ್ ಪೂಜೆ, ದೇವ್ರ ವಿಷ್ಯ ಬರೋ ಪೇಪರ್ ಹಾಳೇಲೇ ಅಟ್ಟೆ ಹಾಕ್ಕೊಡ್ತೀನಿ." ಆಮೇಲೆ ದನಿ ತಗ್ಗಿಸಿ, ಕಿಟಕಿಯ ಹತ್ತಿರ ಕೂತಿದ್ದವಳ ಕಡೆ ಗಲ್ಲದಿಂದಲೇ ತೋರಿಸಿದರು. "ಅವ್ಳು ಇಲ್ಲಿ ಬರೋದು ಮನೇಲಿ ತಿಳೀದು. ಸರ್ಕಾರಿ ಪರೀಕ್ಷೆಗೆ ಓದ್ತಾವ್ಳೆ. ಇನ್ನಾರು ವಾರ ಐತೆ. ಪಾಸಾದ್ಮೇಲೆ ಹೇಳ್ತಾಳಂತೆ, ಕೆಲ್ಸದ ಆರ್ಡರ್ ಕೈಲಿಟ್ಕೊಂಡು."

ಇದನ್ನು ನನಗೆ ಹೇಳಿದ್ದರು. ಸ್ಪಷ್ಟವಾಗಿ, ಕನ್ನಡದಲ್ಲಿ, ಕಿವಿಯ ಹತ್ತಿರ. ಗೊತ್ತಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳಲಾರೆ.

ಕಿಟಕಿಯ ಹತ್ತಿರ ಕೂತಿದ್ದವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಮದುವೆಗೆ ಮೊದಲು ತಿರುಪ್ಪೂರಿನಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೆಲಸ ಮಾಡಿದವಳು, ಈಗ ತೋಟದ ಮನೆಯ ಸೊಸೆ. ವಾರಕ್ಕೊಂದು ದಿನ ಮನೆಯಲ್ಲಿ ಏನೋ ಒಂದು ನೆಪ ಹೇಳಿ ಬರುತ್ತಿದ್ದಳು. ಯಾವ ದಿನ, ಯಾವ ನೆಪ ಎಂದು ಬರೆಯುವುದಿಲ್ಲ. ಎರಡು ಗಂಟೆ ತಲೆ ಎತ್ತದೆ ಓದಿ, ಪುಸ್ತಕ ಅಲ್ಲೇ ಬಿಟ್ಟು ಹೋಗುತ್ತಿದ್ದಳು. ನೋಟು ಬರೆದ ಹಾಳೆ, ಸರ್ಟಿಫಿಕೇಟಿನ ನಕಲು, ಅರ್ಜಿ ಎಲ್ಲವೂ ಅಕ್ಕನ ಮೇಜಿನ ಡ್ರಾಯರಿನಲ್ಲಿ ಇರುತ್ತಿದ್ದವು. ಅವಳ ಒಂದು ಬೆರಳಿನ ಉಗುರು ಉದ್ದಕ್ಕೆ ಎರಡು ಸೀಳಾಗಿ ಬೆಳೆದಿತ್ತು. ಯಾವ ಕೈ, ಯಾವ ಬೆರಳು ಎಂಬುದನ್ನೂ ಬಿಡುತ್ತೇನೆ.

ನನ್ನ ಕಷ್ಟ ಬೇರೆಯಿತ್ತು. ಆ ಲೈಬ್ರರಿಯ ಪೇಜನ್ನು ಯಾರೂ ನೋಡುತ್ತಿರಲಿಲ್ಲ. ಅಕ್ಕ ಹಾಕುತ್ತಿದ್ದುದು ಎರಡೇ ತರದ ಫೋಟೊ: ಬೀಗ ತೆಗೆದ ಬಾಗಿಲು, ಸಾಲಾಗಿ ಜೋಡಿಸಿದ ಕಪಾಟು. ಬೇರೆ ಲೈಬ್ರರಿಗಳು ಚೆನ್ನಾಗಿ ನಡೆಯುತ್ತಿದ್ದವು, ತಿಂಗಳ ಕೊನೆಗೆ ನಾನು ವರದಿ ಕಳಿಸಬೇಕಿತ್ತು. "ಜನ ಬೇಕು ಅಕ್ಕಾ, ಓದೋ ಜನ ಕಾಣಬೇಕು" ಎಂದು ನಾನು ಹೇಳಿದಾಗಲೆಲ್ಲ ಅವರು "ಓದೋರ ಪಟ ಬೇಡ ಕಣ್ಣು, ಓದೋದು ಅವರವರ ಪಾಡು" ಎನ್ನುತ್ತಿದ್ದರು. ಅವರನ್ನು ಹಳೆ ಕಾಲದವರು ಎಂದುಕೊಂಡೆ. ಪಾಪ, ಇವರಿಗೆ ನಾನೇ ಒಂದು ಮಾಡಿ ತೋರಿಸಿದರೆ ಅರ್ಥವಾಗುತ್ತದೆ ಎಂದುಕೊಂಡೆ.

ಒಂದು ಮಧ್ಯಾಹ್ನ ಅಕ್ಕ ನನಗೆ ಕಾಫಿ ತರಲು ಬೀದಿಯ ಅಂಗಡಿಗೆ ಹೋದರು. ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಅವರಿಗೆ ಗೊತ್ತಿರಲಿಲ್ಲ, ಮತ್ತು ಸ್ವತಃ ನಿಂತು ಸಕ್ಕರೆ ಕಡಿಮೆ ಹಾಕಿಸದಿದ್ದರೆ ಸಮಾಧಾನವಿರಲಿಲ್ಲ. ಆ ಹೊತ್ತಿನಲ್ಲಿ ಕಿಟಕಿಯಿಂದ ಬೆಳಕು ನೇರವಾಗಿ ಆ ಹುಡುಗಿಯ ಕೈಯ ಮೇಲೆ ಬೀಳುತ್ತಿತ್ತು. ನಾನು ಎದ್ದು ಹೋಗಿ ತಮಿಳಿನಲ್ಲಿ ಕೇಳಿದೆ. ಒಂದೇ ಒಂದು ಫೋಟೊ, ಕೈ ಮಾತ್ರ, ಮುಖ ಬರುವುದಿಲ್ಲ. ಅವಳು ಮೊದಲು ಅಕ್ಕನ ಕುರ್ಚಿಯ ಕಡೆ ನೋಡಿದಳು. ಕುರ್ಚಿ ಖಾಲಿ. ಪಟ್ಟಣದಿಂದ ಬಂದ ಮೇಡಂ ಎದುರಿಗೆ ನಿಂತು ಕೇಳುತ್ತಿದ್ದಾಳೆ. ಹೂಂ ಎನ್ನದೆ ಇನ್ನೇನು ಮಾಡಿಯಾಳು?

ಪುಸ್ತಕ ಎತ್ತಿ ಹಿಡಿಯಲು ಹೇಳಿದೆ. ಹಿಡಿದಳು. ಕ್ಯಾಮೆರಾದಲ್ಲಿ ನೋಡಿದರೆ ಹಳೆಯ ಪೇಪರು, ಅದರಲ್ಲಿ ಯಾವುದೋ ಸಿಮೆಂಟಿನ ಜಾಹೀರಾತು. ಚಂದ ಕಾಣಲಿಲ್ಲ. ನಾನೇ ಕೈ ಚಾಚಿ ಆ ಹೊದಿಕೆಯನ್ನು ಬಿಚ್ಚಿದೆ. ಬಿಚ್ಚುವುದು ಬಹಳ ಸುಲಭ, ಅಂಟು ಇರಲಿಲ್ಲವಲ್ಲ. ಕೆಳಗೆ ದೊಡ್ಡ ಅಕ್ಷರದಲ್ಲಿ ಪರೀಕ್ಷೆಯ ಹೆಸರು ಇತ್ತು. ಆಮೇಲೆ ಸ್ವಲ್ಪ ಹತ್ತಿರ ಹೋದೆ. ಆ ಸೀಳಿದ ಉಗುರು ನನಗೆ ಇಷ್ಟವಾಯಿತು. ದುಡಿದ ಕೈ ಎಂಬುದು ಅದರಿಂದಲೇ ತಿಳಿಯುತ್ತದೆ ಎಂದು, ಉಗುರು ಚೆನ್ನಾಗಿ ಕಾಣುವಂತೆ ತೆಗೆದೆ. ಅಕ್ಕ ಕಾಫಿಯೊಂದಿಗೆ ಬರುವಷ್ಟರಲ್ಲಿ ಪೇಪರನ್ನು ಮತ್ತೆ ಮಡಿಚಿ ಸಿಕ್ಕಿಸಿಬಿಟ್ಟಿದ್ದೆ. ಸರಿಯಾಗಿ ಕೂರಲಿಲ್ಲ. ಅಕ್ಕನ ಕಣ್ಣು ಆ ಸೊಟ್ಟ ಮಡಿಕೆಯ ಮೇಲೆ ಒಂದು ಕ್ಷಣ ನಿಂತಿತು. ಕಾಫಿ ಲೋಟ ನನ್ನ ಮುಂದಿಟ್ಟರು. ನಾನು ಸಕ್ಕರೆ ಸರಿಯಾಗಿದೆ ಎಂದೆ.

ವಾಪಸು ಬರುವ ಬಸ್ಸಿನಲ್ಲೇ ಅದನ್ನು ಪೇಜಿಗೆ ಹಾಕಿದೆ. ಪೇಜಿನ ಕೀಲಿ ನನ್ನ ಹತ್ತಿರವೂ ಇತ್ತು. ಊರಿನ ಹೆಸರು ಹಾಕಿ, "ನಮ್ಮೂರ ಹೆಣ್ಣಿನ ಕೈ ನಾಳೆ ಸರ್ಕಾರಿ ಕಡತಕ್ಕೆ ಸಹಿ ಹಾಕಲಿದೆ" ಎಂಬ ಅರ್ಥದ ತಮಿಳು ಸಾಲನ್ನೂ ಬರೆದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಅಮ್ಮ ದಿನಕ್ಕೆ ಮೂರು ಸಲ ಹೇಳುತ್ತಾಳೆ. ಆ ದಿನ ನನಗೆ ಅದು ನೆನಪಾಗಲಿಲ್ಲ. ಬಸ್ಸು ಕೊಯಮತ್ತೂರು ಸೇರುವ ಮೊದಲೇ ಫೋನು ಗುಯ್‌ಗುಟ್ಟಲು ಶುರುವಾಗಿತ್ತು. ಮರುದಿನ ಆ ಊರಿನವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದೇ ಫೋಟೊ. ನನಗೆ ಹೆಮ್ಮೆಯೋ ಹೆಮ್ಮೆ. ಮನೆಗೆ ಮೈಸೂರು ಪಾಕ್ ತಂದೆ.

ನಾಲ್ಕನೆಯ ದಿನ ಅಕ್ಕ ಫೋನು ಮಾಡಿದರು. ಕುಶಲ ಕೇಳಲಿಲ್ಲ.

"ಆ ಪಟ ತೆಗ್ದುಬಿಡು ಕಣ್ಣು."

"ಯಾಕಕ್ಕಾ? ಎಷ್ಟು ಜನ ನೋಡ್ತಿದ್ದಾರೆ ಗೊತ್ತಾ? ಮುಖ ಎಲ್ಲಿದೆ ಅದರಲ್ಲಿ?"

"ಅವಳ ನಾದಿನಿಗೆ ಗುರ್ತು ಹಿಡಿಯೋಕೆ ಉಗುರೇ ಸಾಕಾಯ್ತು. ತೆಗ್ದುಬಿಡಮ್ಮ."

ಇಲ್ಲಿ ನಿಲ್ಲಿಸಿ ನಿಜ ಹೇಳಬೇಕು. ಆ ಕ್ಷಣವೇ ತೆಗೆದಿದ್ದರೆ ಈ ಬರಹ ಇಷ್ಟು ಉದ್ದ ಆಗುತ್ತಿರಲಿಲ್ಲವೋ ಏನೋ. ನಾನು "ಆಯ್ತು ಅಕ್ಕಾ, ಎರಡು ದಿನ" ಎಂದೆ. ತಿಂಗಳ ವರದಿಗೆ ಎರಡು ದಿನ ಬಾಕಿ ಇತ್ತು. ಪೇಜಿನಿಂದ ಫೋಟೊ ತೆಗೆದರೆ ನೋಡಿದವರ ಲೆಕ್ಕವೂ ಹೋಗುತ್ತದೆ. ಎರಡು ದಿನ ಕಳೆದು, ವರದಿ ಕಳಿಸಿ, ಆಮೇಲೆ ತೆಗೆದೆ. ಆ ಎರಡು ದಿನಗಳಲ್ಲಿ ಆ ಮನೆಯ ಹಿರಿಯರೊಬ್ಬರು ಲೈಬ್ರರಿಯ ಬಾಗಿಲಿಗೆ ಬಂದು, ಫೋನನ್ನು ಅಕ್ಕನ ಮುಖಕ್ಕೆ ಹಿಡಿದು, ನಮ್ಮ ಮನೆ ಸೊಸೆ ಇಲ್ಲಿ ಎಷ್ಟು ದಿನದಿಂದ ಏನು ಓದುತ್ತಿದ್ದಾಳೆ ಹೇಳು ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದರಂತೆ. ಯಾರು ಏನು ಓದುತ್ತಾರೆ ಎಂದು ನಾನು ಯಾರಿಗೂ ಹೇಳುವುದಿಲ್ಲ ಎಂದು ಅಕ್ಕ ಹೇಳಿದರಂತೆ. ಆ ಮಾತಿಗೆ ಅಲ್ಲಿ ಏನು ಬೆಲೆ? ಏನು ಓದುತ್ತಾಳೆಂದು ನನ್ನ ಫೋಟೊ ಅಷ್ಟಗಲ ಅಕ್ಷರದಲ್ಲಿ ಹೇಳಿಯಾಗಿತ್ತು. ಹುಡುಗಿ ಬರುವುದು ನಿಂತಿತು.

ಪರೀಕ್ಷೆಯ ದಿನ ಸಂಜೆ ನಾನೇ ಅಕ್ಕನಿಗೆ ಫೋನು ಮಾಡಿದೆ. ಒಳಗೊಳಗೇ ಒಂದು ಆಸೆ ಇತ್ತು, ಹೇಗೋ ಬಂದು ಬರೆದಿರಬಹುದು ಎಂದು. "ಹಾಲ್ ಟಿಕೆಟ್ ಎತ್ತಿ ಇಟ್ಟಿದ್ದೆ ಕಣ್ಣು, ಡ್ರಾಯರ್‌ನಲ್ಲಿ. ಬೆಳ್ಗೆ ಏಳಕ್ಕೇ ಬಂದು ಬಾಗ್ಲು ತೆಗ್ದು ಕುಂತಿದ್ದೆ. ಬರ್ಲಿಲ್ಲ." ಇಷ್ಟೇ ಹೇಳಿ, ಒಲೆ ಮೇಲೆ ಹಾಲಿದೆ ಎಂದು ಫೋನಿಟ್ಟರು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರ ಮಾಡಿಕೊಳ್ಳುತ್ತಿದ್ದೆ, ಅಷ್ಟು ನನ್ನ ಸ್ವಭಾವ ನನಗೆ ಗೊತ್ತು.

ಕೆಲವು ತಿಂಗಳ ನಂತರ ಒಬ್ಬ ಮೇಲಧಿಕಾರಿ ನನ್ನನ್ನು ಕರೆಸಿದರು. ಯಾವುದೋ ಊರಿನ ಲೈಬ್ರರಿಯನ್ ಒಬ್ಬರು ಓದಲು ಬಂದ ಹೆಂಗಸಿನ ಫೋಟೊ ಹಾಕಿ ರಾದ್ಧಾಂತವಾಗಿದೆ, ಮೆಮೊ ಕೊಟ್ಟಿದ್ದೆವು, ತಪ್ಪು ನನ್ನದೇ ಎಂದು ಅವರು ಬರೆದುಕೊಟ್ಟಿದ್ದಾರೆ, ನೀವು ಒಂದು ದಿನ ಎಲ್ಲರಿಗೂ ಈ ಬಗ್ಗೆ ತಿಳಿವಳಿಕೆ ಕೊಡಿ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅದನ್ನೂ ಮಾಡಲಿಲ್ಲ. ಹೆಗಲು ಅಲ್ಲಾಡಿಸದೆ ಕೂತು, "ಖಂಡಿತ ಸಾರ್, ಒಪ್ಪಿಗೆ ಇಲ್ಲದೆ ಯಾರ ಫೋಟೊವನ್ನೂ ಹಾಕಬಾರದು, ಇದನ್ನು ಹೇಳಿಕೊಡಬೇಕು" ಎಂದೆ. ಹೇಳಿಯೂ ಕೊಟ್ಟೆ. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮೂವತ್ತು ನಲವತ್ತು ಲೈಬ್ರರಿಯನ್‌ಗಳ ನಡುವೆ ಎರಡನೆಯ ಸಾಲಿನಲ್ಲಿ ಅಕ್ಕ ಕೂತಿದ್ದರು, ಕನ್ನಡಕ ಹಾಕಿಕೊಂಡು, ನಾನು ಹೇಳಿದ್ದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತ. ಊಟದ ಬಿಡುವಿನಲ್ಲಿ ಅವರ ಹತ್ತಿರ ಹೋಗಬೇಕೆಂದುಕೊಂಡೆ. ಪ್ಲಗ್ಗು, ವೈರು, ಪ್ರೊಜೆಕ್ಟರು ಎಂದು ಏನೇನೋ ಕೆಲಸ ಹುಡುಕಿಕೊಂಡು ಆ ಬಿಡುವು ಕಳೆದೆ. ಅವರು ಮನೆಯಿಂದ ತಂದ ಮೊಸರನ್ನದ ಡಬ್ಬಿ ತೊಳೆದುಕೊಂಡು ಹೋದರು. ನನಗೆ ಅಂದು ರಾತ್ರಿ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸೇರಿತು.

ಇಷ್ಟಾದರೂ ಆ ಫೋಟೊ ನನ್ನ ಸ್ಲೈಡುಗಳಲ್ಲಿ ಉಳಿದೇ ಇತ್ತು. ಅಕ್ಕ ಬರುವ ಸಭೆಯಲ್ಲಿ ತೆಗೆದಿಟ್ಟೆ. ಬೇರೆ ಕಡೆ ಹಾಕುತ್ತಲೇ ಇದ್ದೆ. ಮುಖ ಇಲ್ಲ, ಊರಿನ ಹೆಸರು ಅಳಿಸಿದ್ದೇನೆ, ಇಲ್ಲಿ ಯಾರಿಗೆ ಗೊತ್ತಾಗಬೇಕು ಎಂದು ನನಗೆ ನಾನೇ ವಕೀಲಳಾಗಿದ್ದೆ. ಅಸಲು ಸಂಗತಿ ಎಂದರೆ ಅದರಷ್ಟು ಒಳ್ಳೆಯ ಫೋಟೊ ನನ್ನ ಹತ್ತಿರ ಬೇರೆ ಇರಲಿಲ್ಲ. ಅದನ್ನು ತೋರಿಸಿದ ಕೂಡಲೇ ಜನ ಫೋನಿನಿಂದ ತಲೆ ಎತ್ತುತ್ತಿದ್ದರು.

ಹೋದ ವರ್ಷ ತಿರುಪ್ಪೂರಿನ ಒಂದು ಬನಿಯನ್ ಕಂಪನಿಗೆ ಕರೆದಿದ್ದರು. ಕೆಲಸಗಾರರಿಗೆ ಶಿಫ್ಟು, ರಜೆ, ಬಸ್ಸಿನ ಸಮಯ ತಿಳಿಸಲು ವಾಟ್ಸಾಪ್ ಗುಂಪು ಮಾಡಿದ್ದರು. ಆ ಗುಂಪು ಬೆಳಗಿನ ಶುಭಾಶಯ, ದೇವರ ಫೋಟೊ, ಜಗಳಗಳಿಂದ ತುಂಬಿಹೋಗಿತ್ತು. ಅದನ್ನು ದಾರಿಗೆ ತರುವುದು ನನ್ನ ಕೆಲಸ. ಊಟದ ಹಾಲ್‌ನಲ್ಲಿ ಬೆಂಚು ಹಾಕಿ ಹೊಲಿಗೆ ವಿಭಾಗದ ಹೆಂಗಸರನ್ನೆಲ್ಲ ಕೂರಿಸಿದ್ದರು. ತಲೆಗೂದಲಲ್ಲಿ ಬಟ್ಟೆಯ ಹಿಂಜು, ಕತ್ತಿನಲ್ಲಿ ನೇತಾಡುವ ಐಡಿ ಕಾರ್ಡು, ಮುಖದಲ್ಲಿ ಇದು ಬೇಗ ಮುಗಿದರೆ ಸಾಕು ಎಂಬ ಭಾವ. ನಾನು ಆ ಸ್ಲೈಡು ಹಾಕಿದೆ. ಎಂದಿನಂತೆ ತಲೆಗಳು ಎದ್ದವು. ಆದರೆ ಅಂದು ಯಾರೂ ಪುಸ್ತಕವನ್ನು ನೋಡಲಿಲ್ಲ.

ಮುಂದಿನ ಬೆಂಚಿನಲ್ಲಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಎದ್ದು ನಿಂತು ತಮಿಳಿನಲ್ಲಿ ಹೇಳಿದಳು: "ಮೇಡಂ, ಆ ಉಗುರಿಗೆ ಸೂಜಿ ಹೊಡೆದಿದೆ." ತನ್ನ ಕೈ ಎತ್ತಿ ತೋರಿಸಿದಳು. ಅವಳ ಹೆಬ್ಬೆರಳಿನ ಉಗುರೂ ಹಾಗೇ, ಉದ್ದಕ್ಕೆ ಎರಡು ಸೀಳು. ಪಕ್ಕದವಳು ತನ್ನದನ್ನು ತೋರಿಸಿದಳು. ಹಿಂದಿನಿಂದ ಇನ್ನೊಂದೆರಡು ಕೈ ಎದ್ದವು. ಓಡುವ ಮೆಷಿನ್ನಿನ ಸೂಜಿ ಒಮ್ಮೆ ಉಗುರು ತೂರಿದರೆ, ಉಗುರು ಜೀವನಪೂರ್ತಿ ಹಾಗೇ ಬೆಳೆಯುತ್ತದಂತೆ. "ನಮ್ಮ ಹುಡುಗಿ ಅವಳು" ಎಂದಳು ನಿಂತವಳು, ಎಲ್ಲರ ಕಡೆಗೂ ತಿರುಗಿ, ಹೆಮ್ಮೆಯಿಂದ. ಆಮೇಲೆ ನನ್ನನ್ನು ಕೇಳಿದಳು, "ಪರೀಕ್ಷೆ ಬರೆದಳಾ ಮೇಡಂ?"

ಇಡೀ ಹಾಲ್ ನನ್ನನ್ನೇ ನೋಡುತ್ತಿತ್ತು.

"ಬರೆದಳು" ಎಂದೆ.

"ಪಾಸಾದಳಾ?"

"ಪಾಸಾದಳು."

ಅವರು ಚಪ್ಪಾಳೆ ತಟ್ಟಿದರು. ಬೇಸರದಿಂದ ಕೂತಿದ್ದ ಅಷ್ಟೂ ಹೆಂಗಸರು, ಸೂಜಿ ಹೊಕ್ಕ ಉಗುರಿನ ಕೈಗಳಿಂದ, ಕಂಡೇ ಇರದ ಹುಡುಗಿಗಾಗಿ ಚಪ್ಪಾಳೆ ತಟ್ಟಿದರು. ಒಬ್ಬಳು ಕಣ್ಣೊರೆಸಿಕೊಂಡಳು. ಮೇಲ್ವಿಚಾರಕರೂ ತಟ್ಟಿದರು. ನಾನು ಗೋಡೆಯ ಮೇಲಿದ್ದ ಆ ದೊಡ್ಡ ಕೈಯ ಪಕ್ಕದಲ್ಲಿ ನಿಂತು ನಗುತ್ತಿದ್ದೆ. ನಾನು ಹಾಳು ಮಾಡಿದ್ದಕ್ಕೆ ನನಗೆ ಸಿಕ್ಕ ಚಪ್ಪಾಳೆ ಅದು. ನನ್ನ ಬದುಕಿನಲ್ಲಿ ಅದಕ್ಕಿಂತ ನಾಚಿಕೆಗೇಡಿನ ಗಳಿಗೆ ಇನ್ನೊಂದಿಲ್ಲ. ಉಳಿದ ಸ್ಲೈಡುಗಳನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ. ವಾಪಸು ಬಸ್ಸಿನಲ್ಲಿ ಕೂತಾಗ ಇನ್ನೊಂದು ಹೊಳೆಯಿತು. ಆ ಹುಡುಗಿಯ ಹೆಸರು ನನಗೆ ಗೊತ್ತಿಲ್ಲ. ಯಾವತ್ತೂ ಕೇಳಿರಲೇ ಇಲ್ಲ. ಅಂದೇ ಫೋಟೊ ಅಳಿಸಿದೆ.

ಮುಂದಿನ ವಾರ ಅಕ್ಕನ ಊರಿಗೆ ಹೋದೆ. ಕೈಯಲ್ಲಿ ಹಣ್ಣು, ಒಂದು ಡಬ್ಬಿ ಸಿಹಿ. ತಪ್ಪು ಮಾಡಿದವರು ಯಾಕೆ ಸಿಹಿ ಹಿಡಿದುಕೊಂಡು ಹೋಗುತ್ತಾರೋ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕನ್ನಡದಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಅಕ್ಕಾ, ಮೆಮೊಗೆ ಉತ್ತರ ನಾನು ಬರೆಯಬೇಕಿತ್ತು. ಅಕ್ಕಾ, ಆ ಎರಡು ದಿನ ನಾನು ತೆಗೆಯಲಿಲ್ಲ. ಅಧಿಕಾರಿಗೆ ಕೊಡಲೆಂದು ನಡೆದದ್ದನ್ನೆಲ್ಲ ತಮಿಳಿನಲ್ಲಿ ಬರೆದು ಸಹಿ ಹಾಕಿದ ಒಂದು ಕಾಗದವೂ ಚೀಲದಲ್ಲಿತ್ತು. ಮೊದಲು ಅಕ್ಕನಿಗೆ ತೋರಿಸಿ, ಆಮೇಲೆ ಆ ಹುಡುಗಿಯ ಮನೆ ಎಲ್ಲಿ ಎಂದು ಕೇಳಿ, ಅವಳ ಕಾಲು ಹಿಡಿದಾದರೂ ಕ್ಷಮೆ ಕೇಳಿಬರಬೇಕು ಎಂದು ನನ್ನ ಯೋಚನೆ.

ಲೈಬ್ರರಿ ಹಾಗೇ ಇತ್ತು. ಅಕ್ಕ ಮೇಜಿನ ಮೇಲೆ ಪೇಪರು ಹಾಸಿಕೊಂಡು ಒಂದು ದಪ್ಪ ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದರು. ನನ್ನನ್ನು ಕಂಡು ಕೈ ನಿಂತಿತು. ಆ ಪುಸ್ತಕದ ಮೇಲೆ ಅಂದಿನ ಪೇಪರನ್ನು ಮೆಲ್ಲಗೆ ಎಳೆದು ಮುಚ್ಚಿದರು. ಎದ್ದು ನಿಂತು, ಸೆರಗಿನಿಂದ ಕುರ್ಚಿ ಒರೆಸಿ, ತಮಿಳಿನಲ್ಲಿ ಹೇಳಿದರು.

"ವಾಂಗ ಮೇಡಂ, ಉಕ್ಕಾರುಂಗ."

ಬನ್ನಿ, ಕೂತುಕೊಳ್ಳಿ ಎಂದು. ಬೀದಿಯಲ್ಲಿ ಹೋಗುವ ಯಾರಿಗಾದರೂ ಹೇಳುವಂತೆ. ನಾನು "ಅಕ್ಕಾ" ಎಂದೆ. ಅವರು ತಮಿಳಿನಲ್ಲೇ ಬಸ್ಸಿನಲ್ಲಿ ಸೀಟು ಸಿಕ್ಕಿತಾ ಎಂದು ಕೇಳಿದರು. ನಾನು ಕನ್ನಡದಲ್ಲಿ ಉತ್ತರಿಸಿದೆ. ಅವರು ಮತ್ತೆ ತಮಿಳಿನಲ್ಲಿ ತಾಯಿಯವರು ಚೆನ್ನಾಗಿದ್ದಾರಾ ಎಂದರು. ಕಾಫಿ ತರಿಸಿದರು, ಆದರೆ ಈ ಸಲ ತಾವು ಹೋಗಲಿಲ್ಲ. ಬಾಗಿಲಿನಿಂದಲೇ ಅಂಗಡಿಯವನನ್ನು ಕೂಗಿ, ಕುರ್ಚಿ ಬಿಟ್ಟು ಅಲ್ಲಾಡದೆ ಕೂತರು. ಆ ಮುಚ್ಚಿದ ಪುಸ್ತಕದ ಮೇಲೆ ಅವರ ಮೊಣಕೈ ಇತ್ತು.

ನಾನು ಕಾಗದ ತೆಗೆದು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಾಲ್ಕಾಗಿ ಮಡಿಚಿ, ಮೂಲೆ ತೀಡಿ, ವಾಪಸು ಕೊಟ್ಟರು. ಅದು ನಿಮ್ಮ ಮತ್ತು ಆಫೀಸಿನ ವಿಷಯ, ನೀವು ಕೊಡುವುದಾದರೆ ಕೊಡಿ ಎಂದರು. ದನಿಯಲ್ಲಿ ಕೋಪ ಇರಲಿಲ್ಲ.

"ಆ ಹುಡುಗಿ ಎಲ್ಲಿದ್ದಾಳೆ ಅಕ್ಕಾ? ಆಮೇಲೆ ಪರೀಕ್ಷೆ ಬರೆದಳಾ? ಒಂದು ಸಲ ನೋಡಿ ಹೋಗ್ತೀನಿ, ಮನೆ ಎಲ್ಲಿ ಹೇಳಿ."

ಅವರು ನನ್ನನ್ನು ನೇರವಾಗಿ ನೋಡಿದರು. "ಯಾರೈ ಕೇಕ್ಕುರೀಂಗ ಮೇಡಂ?"

ಯಾರನ್ನು ಕೇಳುತ್ತಿದ್ದೀರಿ ಎಂದು. ಅಂಥವಳೊಬ್ಬಳು ಆ ಕಿಟಕಿಯ ಹತ್ತಿರ ಎಂದೂ ಕೂತೇ ಇರಲಿಲ್ಲ ಎಂಬಂತೆ. ಮನೆಯ ಹಿರಿಯರು ಬಂದು ಕೂಗಾಡಿದಾಗಲೂ ಅವರು ಹೀಗೇ ನಿಂತಿದ್ದಿರಬೇಕು. ಆ ಬಾಗಿಲಲ್ಲಿ ಈಗ ನಾನಿದ್ದೆ.

ಅಷ್ಟರಲ್ಲಿ ಹೊರಗೆ ಯಾರೋ ಬಂದು ನಿಂತರು. ಗಂಡಸೋ ಹೆಂಗಸೋ, ವಯಸ್ಸೆಷ್ಟೋ, ಕೈಯಲ್ಲಿ ಏನಿತ್ತೋ ಬರೆಯುವುದಿಲ್ಲ. ಅವರು ಮೇಜಿನ ಮೇಲಿನ ಪೇಪರಿನ ಕಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಒಳಗೆ ಬರಲಿಲ್ಲ. ಅಕ್ಕ ಅವರನ್ನು ನೋಡದವರಂತೆ ಗಡಿಯಾರ ನೋಡಿದರು. ಮೇಜಿನ ಮೇಲೆ ನನ್ನ ಫೋನು ಇತ್ತು. ಅದರ ಕಡೆಗೂ ಒಮ್ಮೆ ನೋಡಿದರು. ನಾನು ಇರುವಷ್ಟು ಹೊತ್ತು ಆ ಹೊದಿಕೆಯ ಕೊನೆಯ ಮಡಿಕೆ ಬೀಳುವುದಿಲ್ಲ ಎಂಬುದು ನನಗೆ ಅರ್ಥವಾಯಿತು. ಕಾಫಿ ಅರ್ಧ ಉಳಿದಿತ್ತು. ಫೋನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಅಕ್ಕ ಬಾಗಿಲವರೆಗೂ ಬಂದರು. ಸಿಹಿಯ ಡಬ್ಬಿಯನ್ನು ಮರ್ಯಾದೆಯಿಂದ ನನ್ನ ಕೈಗೇ ಕೊಟ್ಟು, ತಾಯಿಯವರಿಗೆ ಕೊಡಿ ಎಂದರು.

"ಪೋಯಿಟ್ಟು ವಾಂಗ ಮೇಡಂ."

ಹೋಗಿ ಬನ್ನಿ ಎಂದರ್ಥ. ಹೊರಡುವ ಯಾರಿಗೇ ಆದರೂ ಹೇಳುವ ಮಾತು. ನಾನು ಮೆಟ್ಟಿಲು ಇಳಿದು ಚಪ್ಪಲಿ ಮೆಟ್ಟಿಕೊಳ್ಳುತ್ತ ನಿಂತೆ, ತಿರುಗಿ ನೋಡಲಿಲ್ಲ. ಹಿಂದೆ ಪೇಪರು ಮಡಿಚುವ ಸದ್ದು ಕೇಳಿಸಿತು, ಉಗುರಿನಲ್ಲಿ ಮೂಲೆ ತೀಡುವ ಸದ್ದು. ಆಮೇಲೆ ಅಕ್ಕ ಹೊರಗೆ ನಿಂತವರನ್ನು ಒಳಗೆ ಕರೆದರು, ಕನ್ನಡದಲ್ಲಿ.